ಹೆಬ್ಬೆರಳು ಮೊದಲು ಹೊರಬರಬೇಕು

ಕುಮಟೆಯ ಮೀನುಪೇಟೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಯಾರಾದರೂ ಪರಿಚಯವಾಗಿ, "ನೀವು ಎಂತ ಕೆಲಸದಲ್ಲಿದ್ರಿ?" ಅಂತ ಕೇಳಿದರೆ "ಬೌಲಿಂಗ್ ಕಲಿಸುತ್ತಿದ್ದೆ" ಅನ್ನುತ್ತೇನೆ. ಅವರು ಒಂದು ಗಳಿಗೆ ನನ್ನ ಸೀರೆ, ಕೈಚೀಲ, ನರೆತ ತಲೆ ನೋಡುತ್ತಾರೆ. "ಕ್ರಿಕೆಟ್ಟಾ?" ಅನ್ನುತ್ತಾರೆ. ಮೊದಮೊದಲು ಬಿಡಿಸಿ ಹೇಳುತ್ತಿದ್ದೆ. ಲೇನ್ ಅನ್ನುವ ಉದ್ದನೆಯ ಮರದ ಹಾದಿ, ಅದರ ಕೊನೆಗೆ ತ್ರಿಕೋನದಲ್ಲಿ ನಿಲ್ಲಿಸಿದ, ಬಾಟಲಿಯ ಆಕಾರದ ಹತ್ತು ಪಿನ್ನು, ಭಾರದ ಚೆಂಡನ್ನು ಉರುಳಿಸಿ ಅವನ್ನು ಬೀಳಿಸಬೇಕು ಅಂತ. ಅಷ್ಟು ಹೇಳುವಷ್ಟರಲ್ಲಿ ಅವರ ಬಸ್ಸು ಬಂದಿರುತ್ತದೆ. ಈಗ "ಹೌದು, ಅಂಥದ್ದೇ" ಅಂದು ಸುಮ್ಮನಾಗುತ್ತೇನೆ.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಫೋನ್ ಮಾಡಿ, ಚೆಂಡು ತಿರುಗಿಸುವುದನ್ನು ಕಲಿಸುವುದು ಹೇಗೆ ಅಂತ ಕೇಳಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೇಗೆ ಕಲಿಸಬೇಕು ಅನ್ನುವುದು ಒಂದು ಪುಟದಲ್ಲಿ ಮುಗಿಯುತ್ತದೆ. ಉಳಿದದ್ದು ನಾನು ಮಾಡಿದ ತಪ್ಪುಗಳು.

ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅಕ್ಕ ಭಾವನ ಜೊತೆ ಮುಂಬೈಗೆ ಹೋದೆ. ಅಲ್ಲಿ ಹೊಸದಾಗಿ ತೆರೆದಿದ್ದ ಒಂದು ಬೌಲಿಂಗ್ ಹಾಲ್‌ನಲ್ಲಿ ಬೂಟು ಕೊಡುವ ಕೆಲಸ ಸಿಕ್ಕಿತು. ಆಡಲು ಬಂದವರು ತಮ್ಮ ಚಪ್ಪಲಿ ಬಿಟ್ಟು ಹಾಲ್‌ನ ಬೂಟು ಹಾಕಿಕೊಳ್ಳಬೇಕು. ಅವರು ಬಿಚ್ಚಿಕೊಟ್ಟ ಬೂಟಿಗೆ ವಾಸನೆ ಹೋಗುವ ಔಷಧ ಹೊಡೆದು ಮತ್ತೊಬ್ಬರಿಗೆ ಕೊಡುವುದು ನನ್ನ ಕೆಲಸ. ಎರಡು ವರ್ಷ ಅದನ್ನೇ ಮಾಡಿದೆ. ಕೌಂಟರ್‌ನಿಂದ ಏಳನೇ ಲೇನ್ ಕಾಣುತ್ತಿತ್ತು. ಒಂದು ದಿನ ಅಲ್ಲಿ ಕಲಿಯುತ್ತಿದ್ದವನೊಬ್ಬ ಸಿಟ್ಟಿನಲ್ಲಿ, "ಯಾಕೆ ತಿರುಗೋದಿಲ್ಲ ಇದು?" ಅಂತ ಕೂಗಿದಾಗ ನನ್ನ ಬಾಯಿಂದ, "ನಿಮ್ಮ ಮೂರೂ ಬೆರಳು ಒಟ್ಟಿಗೇ ಹೊರಗೆ ಬರ್ತವೆ" ಅಂತ ಬಂದುಬಿಟ್ಟಿತು. ಕೋಚ್ ಫರ್ನಾಂಡಿಸ್ ಸರ್ ತಿರುಗಿ ನೋಡಿದರು. ಮರುದಿನದಿಂದ ಲೇನ್ ಹಿಂದೆ ಒಂದು ಸ್ಟೂಲ್ ಹಾಕಿ ನನ್ನನ್ನು ಕೂರಿಸಿದರು.

"ಪಿನ್ ನೋಡಬೇಡ. ಪಿನ್ ನೋಡುವುದಕ್ಕೆ ದುಡ್ಡು ಕೊಟ್ಟು ಬಂದವರಿದ್ದಾರೆ. ನೀನು ಕೈ ನೋಡು" ಅಂದರು.

ಒಂದು ತಿಂಗಳು ಕೈ ನೋಡಿದೆ. ಚೆಂಡಿಗೆ ಮೂರು ತೂತು ಇರುತ್ತವೆ, ಒಂದು ಹೆಬ್ಬೆರಳಿಗೆ, ಎರಡು ನಡುಬೆರಳು ಮತ್ತು ಉಂಗುರ ಬೆರಳಿಗೆ. ಕೈ ಹಿಂದಿನಿಂದ ಬೀಸಿ ಪಾದದ ಹತ್ತಿರ ಬಂದಾಗ ಹೆಬ್ಬೆರಳು ಮೊದಲು ಹೊರಬರಬೇಕು. ಆಮೇಲೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಚೆಂಡಿನ ಭಾರ ಪೂರ್ತಿ ಆ ಎರಡು ಬೆರಳ ಮೇಲೆ ಇರುತ್ತದೆ. ಆಗ ಬೆರಳು ಚೆಂಡಿನ ಪಕ್ಕವನ್ನು ಸವರಿಕೊಂಡು ಮೇಲೆ ಬಂದರೆ ಚೆಂಡಿಗೆ ಓರೆ ಸುತ್ತು ಸಿಗುತ್ತದೆ. ಲೇನ್‌ನ ಮುಂದಿನ ಭಾಗಕ್ಕೆ ಎಣ್ಣೆ ಹಚ್ಚಿರುತ್ತಾರೆ. ಎಣ್ಣೆಯ ಮೇಲೆ ಚೆಂಡು ಸುತ್ತುತ್ತಲೇ ಸುಮ್ಮನೆ ಜಾರುತ್ತದೆ. ಎಣ್ಣೆ ಮುಗಿದು ಒಣ ಮರ ಸಿಕ್ಕಿದ ಕೂಡಲೇ ಹಿಡಿತ ಸಿಕ್ಕಿ ಒಳಗೆ ತಿರುಗುತ್ತದೆ. ಅದೇ ಹುಕ್. ನೇರ ಬಂದ ಚೆಂಡು ಪಿನ್ನಿಗೆ ತಾಗಿ ಆಚೀಚೆ ಸರಿದುಬಿಡುತ್ತದೆ, ಓರೆ ಬಂದದ್ದು ಗುಂಪಿನ ಒಳಗೆ ನುಗ್ಗುತ್ತದೆ. ಮಣಿಕಟ್ಟನ್ನು ಒಳಗೆ ಬಾಗಿಸಿ ಹಿಡಿದರೆ ಸುತ್ತು ಹೆಚ್ಚು, ಹಿಂದೆ ಬಿಟ್ಟರೆ ಕಡಿಮೆ. ಬಹಳ ಜೋರಾಗಿ ಎಸೆದರೆ ತಿರುಗಲು ಸಮಯವೇ ಸಿಗುವುದಿಲ್ಲ. ಹೊಸಬರು ಎಲ್ಲರೂ ಬಿಡುವಾಗ ಕೈ ತಿರುಚುತ್ತಾರೆ, ಬಾಗಿಲ ಹಿಡಿಕೆ ತಿರುಗಿಸಿದ ಹಾಗೆ. ಅದರಿಂದ ಚೆಂಡು ಬುಗುರಿಯ ಹಾಗೆ ನಿಂತಲ್ಲೇ ಸುತ್ತುತ್ತದೆಯೇ ಹೊರತು ಹಾದಿ ಬದಲಿಸುವುದಿಲ್ಲ. ನಾನು ಹೇಳಿದ ಒಂದು ಪುಟ ಇಷ್ಟೇ.

ನಾನು ಸ್ವಂತವಾಗಿ ಕಲಿಸಲು ಶುರು ಮಾಡಿದ ವರ್ಷವೇ ಒಂದು ಪ್ರಮಾದ ಮಾಡಿದೆ. ಒಬ್ಬಳು ಸಣ್ಣ ಮೈಕಟ್ಟಿನ ಹೆಂಗಸು, ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಅವಳ ಚೆಂಡು ತಿರುಗಲಿ ಅಂತ ಮಣಿಕಟ್ಟು ಬಾಗಿಸು, ಇನ್ನೂ ಬಾಗಿಸು ಅಂತ ಎರಡು ವಾರ ಬೆನ್ನುಬಿದ್ದೆ. ಚೆಂಡು ಚೆನ್ನಾಗಿ ತಿರುಗಿತು. ಮೂರನೇ ವಾರ ಅವಳು ಕೈಗೆ ಪಟ್ಟಿ ಕಟ್ಟಿಕೊಂಡು ಬಂದು, ಕುಂಚ ಹಿಡಿಯಲಿಕ್ಕೆ ಆಗುವುದಿಲ್ಲ ಅಂದಳು. ಬೈಯಲಿಲ್ಲ. ಬೂಟು ವಾಪಸು ಕೊಟ್ಟು ಹೋದಳು. ಕೈ ನೋಡು ಅಂದರೆ ಆ ಕೈ ಇನ್ನೇನು ಕೆಲಸ ಮಾಡುತ್ತದೆ ಅಂತಲೂ ನೋಡಬೇಕು. ಅದು ನನಗೆ ಆಗ ಹೊಳೆದಿರಲಿಲ್ಲ.

ಫರ್ನಾಂಡಿಸ್ ಸರ್ ಒಳ್ಳೆಯ ಗುರು, ಹಟದ ಮನುಷ್ಯ. ಎಣ್ಣೆ ಹಚ್ಚಲು ಯಂತ್ರ ಬಂದಾಗ ತಿಂಗಳುಗಟ್ಟಲೆ ಅದನ್ನು ಮುಟ್ಟಲಿಲ್ಲ. ಫೋನಿನಲ್ಲಿ ನಿಧಾನವಾಗಿ ಓಡುವ ವಿಡಿಯೊ ತೆಗೆದು ಬೆರಳು ತೋರಿಸಿದರೆ, "ಕಣ್ಣು ಹೋಯಿತಾ ನಿನಗೆ?" ಅನ್ನುತ್ತಿದ್ದರು. ಹೆಬ್ಬೆರಳು ತೂತಿಗೆ ಹಾಕದೆ ಅಂಗೈ ಮೇಲೆ ಚೆಂಡು ಕೂರಿಸಿಕೊಂಡು ಎಸೆಯುವವರು ಬಂದರಂತೂ ಕೈ ಹಿಡಿದು ನಿಲ್ಲಿಸುತ್ತಿದ್ದರು. "ಅದು ಸರ್ಕಸ್. ಬೇರೆ ಕಡೆ ಹೋಗಿ ಮಾಡು." ಅವರಿಂದ ಕಲಿತ ಒಳ್ಳೆಯದರ ಜೊತೆಗೆ ಇದನ್ನೂ ಕಲಿತೆ.

ಲಾಕ್‌ಡೌನ್‌ನಲ್ಲಿ ಆ ಹಾಲ್ ಮುಚ್ಚಿತು. ಸರ್ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ನಾನು ಮದುವೆಯಾದವಳಲ್ಲ. ಕುಮಟೆಗೆ ಬಂದು ಎರಡು ಕೋಣೆ ಬಾಡಿಗೆ ಹಿಡಿದೆ. ಎರಡು ವರ್ಷ ಚೆಂಡು ಮುಟ್ಟಲಿಲ್ಲ, ಈ ಆಟದ ಬಗ್ಗೆ ಒಂದು ಅಕ್ಷರ ಓದಲಿಲ್ಲ. ಆಗ ಭಟ್ಕಳದ ಸಾಹೇಬರೊಬ್ಬರು, ಗಲ್ಫ್‌ನಲ್ಲಿ ಬಹಳ ವರ್ಷ ಇದ್ದು ಬಂದವರು, ಹೊನ್ನಾವರದ ಹತ್ತಿರ ಹೆದ್ದಾರಿ ಬದಿಗೆ ನಾಲ್ಕು ಲೇನ್‌ನ ಹಾಲ್ ಕಟ್ಟಿಸಿದರು. ನನ್ನನ್ನು ಹುಡುಕಿಕೊಂಡು ಬಂದು, "ಮೇಡಂ, ಗಲ್ಫ್‌ನಲ್ಲಿ ರಜೆಯ ದಿನ ಬೌಲಿಂಗ್‌ಗೆ ಜಾಗ ಸಿಗೋದಿಲ್ಲ. ಇಲ್ಲೂ ಜನ ಕಲೀತಾರೆ, ಇನ್‌ಶಾ ಅಲ್ಲಾ" ಅಂದರು. ಭಾನುವಾರ ಜನ ಬಂದರು. ಗೋಕರ್ಣ, ಓಂ ಬೀಚ್ ನೋಡಿ ಮುರ್ಡೇಶ್ವರಕ್ಕೆ ಹೋಗುವ ಪ್ರವಾಸಿಗಳು ಬಂದರು. ಚೀರಾಡಿ, ಫೋಟೊ ತೆಗೆದುಕೊಂಡು ಹೋದರು. ಉಳಿದ ದಿನ ಯಾರೂ ಇಲ್ಲ.

ಖಾಲಿ ಬೌಲಿಂಗ್ ಹಾಲ್‌ನಂಥ ಜಾಗ ಇನ್ನೊಂದಿಲ್ಲ. ಕಿಟಕಿ ಇರುವುದಿಲ್ಲ, ಹೊರಗೆ ಬಿಸಿಲೋ ಮಳೆಯೋ ತಿಳಿಯುವುದಿಲ್ಲ. ಕೋಚ್, ಮೆಕ್ಯಾನಿಕ್, ಚೆಂಡಿಗೆ ಬೆರಳಿನ ತೂತು ಕೊರೆಯುವವಳು ಎಲ್ಲ ನಾನೇ. ಬೆಳಿಗ್ಗೆ ಎಣ್ಣೆ ಹಚ್ಚುತ್ತಿದ್ದೆ. ಸಂಜೆ ಅದೇ ಎಣ್ಣೆ ಹಾಗೇ ಇರುತ್ತಿತ್ತು. ಅದನ್ನು ಒರೆಸಿ ಬೀಗ ಹಾಕಿ ಕುಮಟೆಯ ಬಸ್ ಹತ್ತುತ್ತಿದ್ದೆ. ಕೆಲವು ದಿನ ಮನೆಗೆ ಬಂದು ಪಕ್ಕದವರ ಹತ್ತಿರ ಮಾತಾಡಿದಾಗ, ಇವತ್ತು ನನ್ನ ಸ್ವರ ಹೊರಗೆ ಬಂದದ್ದು ಇದೇ ಮೊದಲು ಅಂತ ಗೊತ್ತಾಗುತ್ತಿತ್ತು.

ಹಾಲ್‌ನ ಗೇಟಿಗೆ ಸಾಹೇಬರು ಕಾಸರಕೋಡಿನ ಜಟ್ಟಪ್ಪನನ್ನು ಇಟ್ಟಿದ್ದರು. ಕಾಸರಕೋಡು ಅಂದರೆ ಹೊನ್ನಾವರದಿಂದ ಶರಾವತಿ ಸೇತುವೆ ದಾಟಿದರೆ ಸಿಗುವ ಊರು. ನಲವತ್ತು ದಾಟಿದ ಆಳು, ಗಟ್ಟಿ ತೋಳು. ಬೋಟಿನಲ್ಲಿ ಬಲೆ ಎಳೆಯುವ ವಿಂಚಿಗೆ ಸಿಕ್ಕಿ ಬಲಗೈಯ ಹೆಬ್ಬೆರಳು ಬುಡದಿಂದ ಹೋಗಿತ್ತು. ಹಗ್ಗ ಹಿಡಿಯಲಿಕ್ಕೆ ಆಗದವನನ್ನು ಯಾರೂ ಕಡಲಿಗೆ ಕರೆಯಲಿಲ್ಲ. ಹಾಗಾಗಿ ಗೇಟಿಗೆ ಬಂದ. ಬಲಗೈಯನ್ನು ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ.

ಒಂದು ಮಂಗಳವಾರ ನನಗೇ ತಡೆಯಲಿಕ್ಕೆ ಆಗಲಿಲ್ಲ. ಹೊರಗೆ ಹೋಗಿ, "ಜಟ್ಟಪ್ಪ, ಒಂದು ಆಟ ಆಡ್ತೀಯಾ?" ಅಂದೆ.

"ನಾನು ಎಂತ ಆಡೂದು ಅಕ್ಕೋರೆ?" ಅಂದ. ಕಲಿಸುವ ಹೆಂಗಸನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಆ ಹೆಸರಿನಿಂದ ನನ್ನನ್ನು ಕರೆದವನು ಅವನೊಬ್ಬನೇ.

ನಾನು ಎಡಗೈಗೆ ಹಗುರದ ಚೆಂಡು ಕೊಟ್ಟೆ. ಒಂದೂವರೆ ತಿಂಗಳು ಎಡಗೈಯಲ್ಲೇ ಆಡಿಸಿದೆ. ಹೆಬ್ಬೆರಳು ಮೊದಲು, ಬೆರಳು ಆಮೇಲೆ. ಅವನ ಎಡಗೈಗೆ ಏನೂ ಬರಲಿಲ್ಲ. ಚೆಂಡು ಲೇನ್ ಬದಿಯ ಗಟಾರದಂಥ ತೋಡಿಗೇ ಹೋಗುತ್ತಿತ್ತು. ಅವನು ಪ್ರತಿ ಸಲ "ಆತು" ಅಂತ ಮತ್ತೊಂದು ಚೆಂಡು ಎತ್ತುತ್ತಿದ್ದ. ಬಲಗೈಯ ಮಾತು ನಾನು ಎತ್ತಲೇ ಇಲ್ಲ. ಅವನ ಮನಸ್ಸಿಗೆ ನೋವಾಗಬಾರದು ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಮೂರನೇ ಲೇನ್‌ನ ಪಿನ್ ಸಿಕ್ಕಿಬಿದ್ದಿತ್ತು. ನಾನು ಲೇನ್‌ಗಳ ಕೊನೆಗೆ, ಪಿನ್ ನಿಲ್ಲಿಸುವ ಯಂತ್ರದ ಹಿಂದೆ ಹೋಗಿ ರಿಪೇರಿ ಮಾಡುತ್ತಿದ್ದೆ. ಪಕ್ಕದ ಎರಡನೇ ಲೇನ್‌ನಲ್ಲಿ ಚೆಂಡು ಬರುವ ಸದ್ದಾಯಿತು. ಬಗ್ಗಿ ನೋಡಿದೆ. ಆಡುವವರ ಬಲ ಅಂಚಿನ ಮೇಲೆ, ಈಗ ಬಿತ್ತು ಅನ್ನುವಷ್ಟು ಅಂಚಿನಲ್ಲಿ ಬರುತ್ತಿದ್ದ ಚೆಂಡು ಒಣ ಮರ ಸಿಕ್ಕಿದ ಕೂಡಲೇ ಒಳಗೆ ಹೊರಳಿ ಹತ್ತೂ ಪಿನ್ನನ್ನು ಹೊತ್ತುಕೊಂಡು ಹೋಯಿತು. ಒಂದು ಪಿನ್ ಹಾರಿ ನನ್ನ ಮುಂದಿನ ಹಲಗೆಗೆ ಬಡಿಯಿತು. ಅಷ್ಟು ತಿರುಗಿದ ಚೆಂಡನ್ನು ಮುಂಬೈಯಲ್ಲೂ ಅಪರೂಪಕ್ಕೆ ನೋಡಿದ್ದೆ.

"ಯಾರದು?" ಅಂತ ಕೂಗಿದೆ.

ಓಡಿ ಬಂದಾಗ ಜಟ್ಟಪ್ಪ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ. "ತಪ್ಪಾತು ಅಕ್ಕೋರೆ. ನೀವು ಇಲ್ಲ ಅಂತ..."

"ಇನ್ನೊಂದು ಹಾಕು."

"ಬಲಗೈಯಾಗಾ?"

"ಬಲಗೈಯಲ್ಲೇ."

ಅವನು ಎರಡು ಬೆರಳು ತೂತಿಗೆ ಹಾಕಿ, ಚೆಂಡನ್ನು ಅಂಗೈಗೂ ಮುಂಗೈಗೂ ಆನಿಸಿಕೊಂಡು, ಕೂಸನ್ನು ಎತ್ತಿಕೊಂಡ ಹಾಗೆ ಹಿಡಿದ. ಹೊರಬರಬೇಕಾದ ಹೆಬ್ಬೆರಳೇ ಇಲ್ಲ. ಮೊದಲಿನಿಂದ ಕೊನೆಯವರೆಗೂ ಭಾರ ಆ ಎರಡು ಬೆರಳ ಮೇಲೆ. ಮಣಿಕಟ್ಟು ತಾನಾಗಿ ಒಳಗೆ ಬಾಗಿರುತ್ತಿತ್ತು. ಬೇರೆಯವರು ವರ್ಷಗಟ್ಟಲೆ ಹೆಣಗಿ ಪಡೆಯುವ ಸುತ್ತು ಅವನಿಗೆ ಸುಮ್ಮನೆ ಬರುತ್ತಿತ್ತು. ಒಂದೂವರೆ ತಿಂಗಳು ನಾನು ಅದನ್ನು ಬೀಗ ಹಾಕಿ ಇಟ್ಟಿದ್ದೆ.

ಆಮೇಲೆ ಎರಡು ವರ್ಷ, ಜನ ಇಲ್ಲದ ದಿನಗಳ ಬೆಳಿಗ್ಗೆ ಅವನಿಗೆ ಕಲಿಸಿದೆ. ಹಾಲ್‌ನದೇ ಒಂದು ಚೆಂಡು ತೆಗೆದುಕೊಂಡು ಬೆರಳಿನ ತೂತು ಎರಡನ್ನೂ ಅವನ ಅಳತೆಗೆ ತಿದ್ದಿದೆ. ಹೆಬ್ಬೆರಳಿನ ತೂತನ್ನು ಹಾಗೇ ಬಿಟ್ಟೆ. ಅವನ ಕಷ್ಟ ಇದ್ದದ್ದು ಬಲಮೂಲೆಯ ಕಡೇ ಪಿನ್ನಿನಲ್ಲಿ. ಮೊದಲ ಎಸೆತಕ್ಕೆ ಅದೊಂದೇ ಉಳಿದರೆ ಎರಡನೇ ಎಸೆತದಲ್ಲಿ ಚೆಂಡು ನೇರ ಹೋಗಬೇಕು. ಅವನದು ಅದರ ಹತ್ತಿರ ಹೋಗಿ ಎಡಕ್ಕೆ ತಿರುಗಿಬಿಡುತ್ತಿತ್ತು. ಮಣಿಕಟ್ಟನ್ನು ಹಿಂದೆ ಬಿಟ್ಟು, ಅಂಗೈ ಪೂರ್ತಿ ಚೆಂಡಿನ ಬೆನ್ನಿಗೆ ಇಟ್ಟು, ಪಕ್ಕಕ್ಕೆ ಸವರದೆ ಮುಂದಕ್ಕೆ ದೂಡುವುದನ್ನು ಕಲಿಸಿದೆ. ಬಹಳ ದಿನ ಬರಲಿಲ್ಲ. ಕೊನೆಗೆ ಅವನೇ ಹೇಳಿದ, "ಬೋಟು ಕಟ್ಟೂ ದಕ್ಕೆಗೆ ಹಗ್ಗ ಎಸೆಯೂದು ಬೇರೆ, ಹಗ್ಗ ಬಿಟ್ಕೊಡೂದು ಬೇರೆ. ಇದು ಬಿಟ್ಕೊಡೂದು." ಅವತ್ತಿನಿಂದ ಚೆಂಡು ನೇರ ಹೋಯಿತು. ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

ಹೆಚ್ಚು ಮಾತಾಡುತ್ತಿರಲಿಲ್ಲ ನಾವು. ಒಮ್ಮೆ ಚಾ ಕುಡಿಯುವಾಗ ಅಂದ, "ಮನೆಯಾಗೆ ಎಲ್ಲಾ ಕೈ ನೋಡ್ತರು. ಇಲ್ಲಿ ಚೆಂಡು ನೋಡೂಕೆ ಒಬ್ರು ಇದ್ದಾರೆ." ಕುಮಟೆಗೆ ಹೋಗುವ ಬಸ್ಸಿನಲ್ಲಿ ಆ ಮಾತನ್ನು ನೆನೆದುಕೊಂಡು ಹೋದೆ.

ಬೆಂಗಳೂರಿನಲ್ಲಿ ಒಂದು ಪಂದ್ಯವಿತ್ತು, ರಾಜ್ಯದ ಯಾರು ಬೇಕಾದರೂ ಆಡಬಹುದಾದದ್ದು. ಸಾಹೇಬರು ಖುಷಿಯಿಂದ ಕಳಿಸಿದರು. ಆರು ಆಟದ ಮೊತ್ತದ ಮೇಲೆ ಲೆಕ್ಕ. ನಾಲ್ಕು ಆಟ ಮುಗಿದಾಗ ಜಟ್ಟಪ್ಪ ಮೂರನೆಯವನಾಗಿದ್ದ. ಜನ ಅವನ ಲೇನ್ ಹಿಂದೆ ಸೇರಿದರು. ಯಾರೋ ಒಬ್ಬರು ಮೆಚ್ಚಿಕೊಂಡು, "ಏಕಲವ್ಯ ಕಣ್ರೀ ಇವರು" ಅಂದರು. ಜಟ್ಟಪ್ಪ ನಕ್ಕು, "ಅವ ಗುರು ಕೇಳಿದ್ದಕ್ಕೆ ಕೊಟ್ಟ. ನಂದು ವಿಂಚ್ ಎಳ್ಕಂಡು ಹೋದದ್ದು" ಅಂದ.

ಆಗ ಇನ್ನೊಂದು ತಂಡದ ಕೋಚ್ ಹೋಗಿ ತೀರ್ಪುಗಾರರ ಕಿವಿಯಲ್ಲಿ ಏನೋ ಹೇಳಿದ. ಅವರು ಬಂದು ಚೆಂಡು ಎತ್ತಿ, ಹೆಬ್ಬೆರಳಿನ ತೂತಿಗೆ ತಮ್ಮ ಬೆರಳು ಹಾಕಿ ನೋಡಿದರು. ಲಾಕ್‌ಡೌನ್ ವರ್ಷದಲ್ಲಿ ನಿಯಮ ಬದಲಾಗಿತ್ತು. ಚೆಂಡಿನಲ್ಲಿ ಬೆರಳಿಗೆ ಅಂತ ಎಷ್ಟು ತೂತು ಇದೆಯೋ ಅಷ್ಟನ್ನೂ ಪ್ರತಿ ಎಸೆತದಲ್ಲಿ ಬಳಸಬೇಕು. ಬಳಸದ ತೂತು ಇರಬಾರದು, ಅದು ಚೆಂಡಿನ ತೂಕದ ಹದ ಬದಲಿಸಿ ತಿರುಗಲು ಸಹಾಯ ಮಾಡುತ್ತದೆ ಅಂತ. ಪಂದ್ಯದವರು ಕಳಿಸಿದ ನಿಯಮದ ಹಾಳೆ ನನ್ನ ಕೈಚೀಲದಲ್ಲೇ ಇತ್ತು. ನನಗೆ ಗೊತ್ತಿರುವುದೇ ಅಂತ ಓದಿರಲಿಲ್ಲ.

"ಈ ಚೆಂಡು ಕೊರೆದವರು ಯಾರು?" ಅಂತ ತೀರ್ಪುಗಾರರು ಕೇಳಿದರು.

ಜಟ್ಟಪ್ಪ ತಿರುಗಿ ನನ್ನನ್ನು ನೋಡಿದ. ಸುತ್ತ ನಿಂತವರಲ್ಲಿ ಇಬ್ಬರು ಮುಂಬೈಯಲ್ಲಿ ನನ್ನ ಹತ್ತಿರ ಕಲಿತವರು. ಬೆಳಿಗ್ಗೆ ಬಂದು ಕಾಲು ಮುಟ್ಟಿದ್ದರು.

ನಾನು, "ಅದು ಹಾಲ್‌ನ ಚೆಂಡು" ಅಂದೆ.

ಸುಳ್ಳಲ್ಲ. ಆದರೆ ಕೇಳಿದ್ದಕ್ಕೆ ಉತ್ತರವೂ ಅಲ್ಲ. ತೀರ್ಪುಗಾರರು ಅವನ ಕಡೆ ತಿರುಗಿ, ಆಡುವವರು ನಿಯಮ ತಿಳಿದುಕೊಂಡು ಬರಬೇಕು, ಹೀಗೆ ಲಾಭ ಪಡೆಯಬಾರದು ಅಂದರು. ನಾಲ್ಕೂ ಆಟ ಸೊನ್ನೆಯಾಯಿತು. ಹಿಂದೆ ಯಾರೋ ನಕ್ಕರು. ಜಟ್ಟಪ್ಪ "ಆತು ಸಾರ್" ಅಂದು ಕೂತು, ಎಡಗೈಯಲ್ಲಿ ಬೂಟಿನ ದಾರ ಬಿಚ್ಚಿದ.

ವಾಪಸು ಬರುವಾಗ ದಾರಿಯಲ್ಲಿ ಒಂದೇ ಮಾತು ಆಡಿದ, ನೀರು ಬೇಕಾ ಅಂತ. ಮರುವಾರ ಗೇಟಿನಲ್ಲಿ ಬೇರೆಯವನಿದ್ದ. ಜಟ್ಟಪ್ಪನ ಕಾವಲುಗಾರನ ಅಂಗಿ ಇಸ್ತ್ರಿಯಾಗಿ, ಮಡಚಿ, ಕೌಂಟರ್ ಮೇಲೆ ಇತ್ತು.

ಎರಡು ತಿಂಗಳು ಹಾಗೇ ಕಳೆಯಿತು. ಆಮೇಲೆ ಪಂದ್ಯದವರಿಗೆ ಪತ್ರ ಬರೆದೆ. ಚೆಂಡು ಆರಿಸಿ ಕೊರೆದವಳು ನಾನು, ನಿಯಮ ಓದದವಳು ನಾನು, ಅವನಿಗೆ ಇದು ಗೊತ್ತಿರಲಿಲ್ಲ ಅಂತ. ಗಮನಿಸಲಾಗಿದೆ ಅಂತ ಒಂದು ಸಾಲಿನ ಉತ್ತರ ಬಂತು. ಹೆಬ್ಬೆರಳಿನ ತೂತಿಗೆ ರಾಳ ತುಂಬಿ, ಒಣಗಿಸಿ, ಉಜ್ಜಿ ನುಣುಪು ಮಾಡಿದೆ. ಅವನು ಭಟ್ಕಳ ಬಂದರಿನಲ್ಲಿ ಐಸ್ ಪ್ಲ್ಯಾಂಟ್‌ನ ಕೆಲಸಕ್ಕೆ ಹೋಗಿದ್ದಾನೆ ಅಂತ ಸಾಹೇಬರಿಂದ ತಿಳಿದು, ಪತ್ರದ ನಕಲು ಹಿಡಿದು ಹೋದೆ.

ಐಸ್ ತುಂಡು ಮಾಡುವ ಯಂತ್ರದ ಸದ್ದಿನಲ್ಲಿ ಅವನು ನನ್ನನ್ನು ಕಂಡು ಹೊರಗೆ ಬಂದ. ಮೈಯೆಲ್ಲ ಒದ್ದೆ. "ಎಂತ ಅಕ್ಕೋರೆ, ಇಷ್ಟು ದೂರ? ಕೂತ್ಕಣಿ" ಅಂತ ಖಾಲಿ ಕ್ರೇಟ್ ಬೋರಲು ಹಾಕಿಕೊಟ್ಟ.

ಪತ್ರವನ್ನು ಕನ್ನಡದಲ್ಲಿ ಹೇಳಿದೆ. ಕೊನೆಯವರೆಗೂ ಕೇಳಿದ.

"ಪತ್ರದಾಗೆ ಹೇಳೂಕೆ ಸುಲಭ" ಅಂದ. "ಅಲ್ಲಿ ಅವರು ನನ್ನ ಕಳ್ಳ ಅಂದ್ಕಂಡ್ರು. ನಾನು ನಿಮ್ಮ ಮುಖ ನೋಡ್ದೆ."

"ಹೌದು."

"ನೀವು ಚೀಲ ನೋಡ್ತಾ ಇದ್ರಿ."

"ಹೌದು ಜಟ್ಟಪ್ಪ. ತಪ್ಪು ನನ್ನದು. ಆ ತೂತು ಮುಚ್ಚಿದ್ದೇನೆ. ನೀನು ಬಾ."

ಅವನು ಒದ್ದೆ ಕೈ ಒರೆಸಿಕೊಂಡು, "ಒಂದು ಕೇಳ್ತೆ. ಎಲ್ಲರದಕ್ಕಿಂತ ನನ್ನ ಚೆಂಡು ಅಷ್ಟು ತಿರುಗೂದು ಎಂತಕ್ಕೆ? ಎರಡು ವರ್ಷದಾಗೆ ನೀವು ಒಂದಿನ ಹೇಳ್ಲಿಲ್ಲ" ಅಂದ.

ನಾನು ಆಗ ಹೇಳಿದೆ. ಬೇರೆಯವರ ಹೆಬ್ಬೆರಳು ಹೊರಬರಲು ಹೊತ್ತು ಹಿಡಿಯುತ್ತದೆ, ಕೆಲವು ಸಲ ಸಿಕ್ಕಿಕೊಳ್ಳುತ್ತದೆ. ನಿನ್ನ ಚೆಂಡಿಗೆ ಆ ತಡೆ ಇಲ್ಲ, ಎರಡು ಬೆರಳಿಗೇ ಪೂರ್ತಿ ಭಾರ ಸಿಗುತ್ತದೆ, ಅದಕ್ಕೇ ಅಷ್ಟು ಸುತ್ತು. ಹೆಬ್ಬೆರಳು ಇಲ್ಲದ್ದೇ ಕಾರಣ. ನಿನಗೆ ಬೇಸರ ಆಗಬಹುದು ಅಂತ ಆ ಮಾತು ಆಡಲಿಲ್ಲ ಅಂದೆ.

"ಅಕ್ಕೋರೆ," ಅಂದ ಅವನು, "ನನಗೆ ಬೆರಳು ಇಲ್ಲ ಅಂತ ನನಗೆ ಗೊತ್ತಿಲ್ವಾ?"

ಲಾರಿ ಬಂತು. ಅವನು ಎದ್ದು ಒಳಗೆ ಹೋದ. ನಾನು ಬಂದರಿನಿಂದ ಬಸ್ ಸ್ಟ್ಯಾಂಡಿನವರೆಗೆ ನಡೆದುಕೊಂಡು ಬಂದೆ.

ಅವನು ಬರಲಿಲ್ಲ. ಬರಲಿಲ್ಲ ಅಂತ ನಾನು ತಿಳಿದುಕೊಂಡಿದ್ದೆ. ಸುಮಾರು ಐದು ತಿಂಗಳ ಮೇಲೆ ಸಾಹೇಬರು ಮಾತಿನ ಮಧ್ಯೆ, "ಜಟ್ಟಪ್ಪನ ಆಟ ಈಗ ಇನ್ನೂ ಚಲೋ ಆಗಿದೆ, ಅಲ್ವಾ?" ಅಂದರು. ನಾನು ಅವರ ಮುಖ ನೋಡಿದೆ. "ಗುರುವಾರ ಗುರುವಾರ ಬರ್ತಾನಲ್ಲ ಮೇಡಂ. ನಿಮಗೆ ಗೊತ್ತಿಲ್ವಾ?"

ಗುರುವಾರ ನನ್ನ ವಾರದ ರಜೆ. ಅವತ್ತು ಸಾಹೇಬರ ತಮ್ಮನ ಮಗ ಹಾಲ್ ತೆರೆಯುತ್ತಿದ್ದ.

ಒಂದು ಗುರುವಾರ ಸುಮ್ಮನೆ ಹೋಗಿ ಬಾಗಿಲಲ್ಲಿ ನಿಲ್ಲೋಣವೇ ಅಂತ ಬಹಳ ಸಲ ಅನ್ನಿಸಿತು. ಹೋಗಲಿಲ್ಲ. ಬುಧವಾರ ಸಂಜೆ ಮನೆಗೆ ಹೊರಡುವ ಮುಂಚೆ ಎರಡನೇ ಲೇನ್ ಒರೆಸಿ, ಹೊಸದಾಗಿ ಎಣ್ಣೆ ಹಚ್ಚಿಟ್ಟು ಬರುತ್ತಿದ್ದೆ. ಅವನು ಯಾವಾಗಲೂ ಆಡುತ್ತಿದ್ದದ್ದು ಎರಡರಲ್ಲಿ. ಶುಕ್ರವಾರ ಬೆಳಿಗ್ಗೆ ಬಂದಾಗ ಚೆಂಡು ಎಣ್ಣೆಯನ್ನು ಎಳೆದುಕೊಂಡು ಹೋದ ಗುರುತು ಲೇನ್ ಮೇಲೆ ಕಾಣುತ್ತಿತ್ತು, ಬಲ ಅಂಚಿನಿಂದ ಒಳಗೆ ಬಾಗಿದ್ದು. ಸ್ವಲ್ಪ ಹೊತ್ತು ಬಗ್ಗಿ ನೋಡುತ್ತಿದ್ದೆ. ಆಮೇಲೆ ಒರೆಸುತ್ತಿದ್ದೆ. ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಹೋಯಿತು. ಒಬ್ಬರಿಗೊಬ್ಬರು ಎದುರಾಗಲಿಲ್ಲ.

ಈ ವರ್ಷ ಹಾಲ್ ನಡೆಸಲು ಆಗದೆ ಸಾಹೇಬರು ಮುಚ್ಚಿದರು. ನನಗೂ ಸಾಕಾಗಿತ್ತು, ಕೆಲಸ ಬಿಟ್ಟೆ. ಸಾಮಾನು ಸಾಗಿಸುವ ದಿನ ಆ ಚೆಂಡು ಅದರ ಜಾಗದಲ್ಲಿ ಇರಲಿಲ್ಲ. ಜಟ್ಟಪ್ಪ ಕೇಳಿದ, ಕೊಟ್ಟೆ ಅಂದರು ಸಾಹೇಬರು.

ಕಳೆದ ತಿಂಗಳು ನನ್ನ ಹಳೆಯ ಶಿಷ್ಯೆಯೊಬ್ಬಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. ಅದೇ ಪಂದ್ಯದ ಮೇಜಿನಲ್ಲಿ ಕೂತು ಹೆಸರು ಬರೆದುಕೊಳ್ಳುವ ಕೆಲಸ ಅವಳದಾಗಿತ್ತು. ಹೊನ್ನಾವರ ಕಡೆಯ, ಹೆಬ್ಬೆರಳಿಲ್ಲದ ಒಬ್ಬರು ಒಬ್ಬರೇ ಬಂದಿದ್ದರು, ಆರೂ ಆಟ ಆಡಿ ಹನ್ನೊಂದನೆಯವರಾದರು, ಚೆಂಡು ತಿರುಗುವುದನ್ನು ನೋಡಲು ಎಲ್ಲ ಎದ್ದು ನಿಂತಿದ್ದರು ಅಂದಳು.

"ಕೋಚ್ ಹೆಸರು ಎಂತ ಬರೆಸಿದ?" ಅಂತ ಕೇಳಿದೆ.

"ಅಲ್ಲಿ ಹೆಸರಿಲ್ಲ, ಬರೀ ಗೆರೆ ಎಳೆಸಿದರು ಮೇಡಂ."

ಅದು ಅವನ ಹಕ್ಕು.

"ಬಲಮೂಲೆಯ ಕಡೇ ಪಿನ್ನು ಉಳಿದಾಗ ಹೇಗೆ ಹಾಕಿದ, ನೋಡಿದೆಯಾ?"

"ನೋಡಿದೆ ಮೇಡಂ. ಮಣಿಕಟ್ಟು ಹಿಂದೆ ಬಿಟ್ಟು, ಅಂಗೈ ಬೆನ್ನಿಗಿಟ್ಟು, ನೇರ. ಒಂಚೂರೂ ತಿರುಗಲಿಲ್ಲ."

"ಆತು" ಅಂದೆ.